ನೂರು ರೂಪಾಯಿ, ನಾಲ್ಕು ಊರು: ಹಾಸನ ಸುತ್ತಿ ಹುಡುಕಿದ ಪ್ರೋಟೀನ್

ಬೆಂಗಳೂರಲ್ಲಿ ಆಫೀಸಿನ ಕೆಳಗಿರೋ ಅಂಗಡಿಗೆ ಒಮ್ಮೆ ಹೋಗಿ ನೋಡಿ. ಚಿಪ್ಸ್ ಪ್ಯಾಕೆಟ್ ಮೇಲೆ ಪ್ರೋಟೀನ್, ಬಿಸ್ಕತ್ ಮೇಲೆ ಪ್ರೋಟೀನ್, ಕೊನೆಗೆ ಮಜ್ಜಿಗೆ ಮೇಲೂ ಪ್ರೋಟೀನ್. ಅಂಗೈಯಷ್ಟು ಉದ್ದದ ಒಂದು ಬಾರ್‌ಗೆ ನೂರು ರೂಪಾಯಿ ಆಸುಪಾಸು. ಜಿಮ್‌ಗೆ ಹೋಗೋರು, ಹೋಗದೇ ಇರೋರು, ಹೋಗಬೇಕು ಅಂದ್ಕೊಂಡೋರು ಎಲ್ಲರೂ ಅದನ್ನ ತಿಂತಿದ್ದಾರೆ. ಶುಕ್ರವಾರ ರಾತ್ರಿ ಊರಿನ ಬಸ್ ಹತ್ತಿದ ಮೇಲೆ ಏನು ಮಾಡೋದು? ಅಲ್ಲಿ ಈ ಬಾರ್‌ಗಳು ಸಿಗುತ್ತವಾ? ಸಿಗದಿದ್ರೆ ಆ ಅಂಗಡಿಗಳಲ್ಲಿ ಸಿಗೋದು ಬರೀ ಬನ್ನು, ಬೋಂಡಾ, ಚಿಪ್ಸಾ?

ಇದನ್ನ ತಿಳಿಯೋಕೆ ಅಂತಲೇ ಹಾಸನ ಜಿಲ್ಲೆಯ ನಾಲ್ಕು ಊರು ಸುತ್ತಿ ಬಂದೆ. ಚನ್ನರಾಯಪಟ್ಟಣ, ಹಾಸನ, ಅರಕಲಗೂಡು, ಹೊಳೆನರಸೀಪುರ. ಒಂದೂರಿಂದ ಇನ್ನೊಂದೂರಿಗೆ ಹೆಚ್ಚುಕಮ್ಮಿ ಒಂದು ಗಂಟೆ ದಾರಿ. ಬೆಳಗ್ಗೆ ಹೊರಟ್ರೆ ಸಂಜೆಯೊಳಗೆ ಸುತ್ತು ಮುಗಿಯುತ್ತೆ. ನಿಯಮ ಮೂರೇ. ಒಂದು, ಪ್ರತಿ ಊರಲ್ಲೂ ಜೇಬಲ್ಲಿ ನೂರು ರೂಪಾಯಿ. ಎರಡು, ಬಸ್ ಸ್ಟ್ಯಾಂಡಿಂದ ನಡೆದು ಹೋಗೋ ದೂರದ ಅಂಗಡಿ ಆಗಿರಬೇಕು, ಕೊಂಡದ್ದನ್ನ ಬೇಯಿಸದೆ ಹಾಗೇ ತಿನ್ನುವಂತಿರಬೇಕು. ಮೂರು, 20 ಗ್ರಾಂ ಪ್ರೋಟೀನ್ ಸಿಗಬೇಕು.

ಇಪ್ಪತ್ತೇ ಯಾಕೆ ಅಂದ್ರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದ ಪ್ರಕಾರ ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ಕಿಲೋ ತೂಗುವ ಗಂಡಸಿಗೆ 54 ಗ್ರಾಂ, 55 ಕಿಲೋ ತೂಗುವ ಹೆಂಗಸಿಗೆ 46 ಗ್ರಾಂ. ಇಪ್ಪತ್ತು ಗ್ರಾಂ ಅಂದ್ರೆ ಒಂದು ಊಟದ ಪಾಲು.

ಚನ್ನರಾಯಪಟ್ಟಣ: ಎಳನೀರಿನ ಊರಲ್ಲಿ ಕಡ್ಲೆಕಾಯಿ

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಬರೋರಿಗೆ ಚನ್ನರಾಯಪಟ್ಟಣ ಅಂದ್ರೆ ತೆಂಗಿನ ತೋಟ, ರಸ್ತೆ ಬದಿ ಎಳನೀರಿನ ರಾಶಿ. ಶ್ರವಣಬೆಳಗೊಳಕ್ಕೆ ತಿರುಗೋದೂ ಇಲ್ಲಿಂದಲೇ. ಬಿಸಿಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಗೊಮ್ಮಟನನ್ನ ನೋಡಿ ಇಳಿದೋರಿಗೆ ಎಳನೀರಿಗಿಂತ ದೊಡ್ಡ ಸುಖ ಇಲ್ಲ. ಕುಡೀರಿ, ಒಳ್ಳೇದೇ. ಆದ್ರೆ ಅದರಲ್ಲಿ ಪ್ರೋಟೀನ್ ಲೆಕ್ಕಕ್ಕೆ ಸಿಗುವಷ್ಟಿಲ್ಲ. ಗಂಜಿಯನ್ನ ಕೆರೆದು ತಿಂದ್ರೂ ಅಷ್ಟೇ. ಬಲಿತ ಹಸಿ ಕಾಯಿಯಲ್ಲೇ ನೂರು ಗ್ರಾಂಗೆ ನಾಲ್ಕು ಗ್ರಾಂ ಮುಟ್ಟಲ್ಲ.

ಬಸ್ ಸ್ಟ್ಯಾಂಡ್ ಹತ್ತಿರ ಕಾಂಡಿಮೆಂಟ್ಸ್ ಅಂಗಡಿ. ಕಂಬಿಗೆ ಸರದ ಹಾಗೆ ನೇತಾಕಿರೋ ಐದು, ಹತ್ತು ರೂಪಾಯಿ ಪ್ಯಾಕೆಟ್‌ಗಳು. ಚಿಪ್ಸ್, ಕುರುಕಲು, ಅವುಗಳ ನಡುವೆ ಉಪ್ಪು ಹಾಕಿ ಹುರಿದ ಕಡ್ಲೆಬೀಜ. ನಾವು ಸಾಮಾನ್ಯವಾಗಿ ಚಿಪ್ಸ್ ಕಿತ್ಕೊಂಡು ಕಡ್ಲೆಬೀಜ ಬಿಟ್ಟು ಬರ್ತೀವಿ. ಅಲ್ಲೇ ನಮ್ಮ ಲೆಕ್ಕ ಎಡವೋದು. ನೂರು ಗ್ರಾಂ ಕಡ್ಲೆಬೀಜದಲ್ಲಿ 23ರಿಂದ 25 ಗ್ರಾಂ ಪ್ರೋಟೀನ್ ಇದೆ. ಚಿಪ್ಸಲ್ಲಿ ಅದರ ಮೂರನೇ ಒಂದು ಪಾಲೂ ದಾಟೋದು ಕಷ್ಟ.

ನೂರು ಗ್ರಾಂ ಹುರಿದ ಬೀಜಕ್ಕೆ ನೂರು ರೂಪಾಯಿ ಮುರಿಸಿ ಚಿಲ್ಲರೆ ಕೈತುಂಬಾ ಬಂತು. ಹಾಗಂತ ನೂರು ಗ್ರಾಂ ಒಂದೇ ಸಲಕ್ಕೆ ಖಾಲಿ ಮಾಡಬೇಡಿ, ಕ್ಯಾಲೊರಿ ಐನೂರು ದಾಟುತ್ತೆ. ಒಂದು ಮುಷ್ಟಿ, ಅಂದ್ರೆ 30 ಗ್ರಾಂ, ಏಳು ಗ್ರಾಂ ಪ್ರೋಟೀನ್ ಕೊಡುತ್ತೆ. ಗಾಡಿಯಲ್ಲಿ ಬೇಯಿಸಿ ಮಾರೋ ಕಡ್ಲೆಕಾಯಿಯಲ್ಲಿ ನೀರು ಸೇರೋದ್ರಿಂದ ನೂರು ಗ್ರಾಂ ಬೀಜದಲ್ಲಿ ಪ್ರೋಟೀನ್ ಅರ್ಧದಷ್ಟು, ಕ್ಯಾಲೊರಿಯೂ ಕಡಿಮೆ. ಹೊಟ್ಟೆ ತುಂಬಿದ ಹಾಗೂ ಆಗುತ್ತೆ, ಬಿಡಿಸಿ ತಿನ್ನೋದ್ರಲ್ಲಿ ಹಿರೀಸಾವೆಯೂ ದಾಟಿರುತ್ತೆ.

ಒಂದು ಎಚ್ಚರ. ಕಹಿ ಬೀಜ, ಮುಗ್ಗಲು ವಾಸನೆಯ ಬೀಜ ಬಾಯಿಗೆ ಬಂದ್ರೆ ನುಂಗಬೇಡಿ, ಉಗಿದುಬಿಡಿ. ಬೂಷ್ಟು ಹಿಡಿದ ಕಡ್ಲೆಕಾಯಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಅದು ಲಿವರ್‌ಗೆ ಕೆಟ್ಟದ್ದು.

ಹಾಸನ: ಬೇಕರಿಯ ತವರು, ಹಾಲಿನ ಮನೆ

ಹಾಸನಕ್ಕೆ ಬಂದ್ರೆ ಎರಡು ಅಂಗಡಿ ಬಿಟ್ಟು ಮುಂದೆ ಹೋಗೋ ಹಾಗಿಲ್ಲ. ಒಂದು ಬೇಕರಿ, ಇನ್ನೊಂದು ನಂದಿನಿ ಪಾರ್ಲರ್.

ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿರೋ ಅಯ್ಯಂಗಾರ್ ಬೇಕರಿಗಳ ಬೇರು ಈ ಜಿಲ್ಲೆಯಲ್ಲಿದೆ. 1898ರಲ್ಲಿ ಚಿಕ್ಕಪೇಟೆ ಕಡೆ ಶುರುವಾದ ಬೆಂಗಳೂರು ಬ್ರದರ್ಸ್ ಬೇಕರಿಯನ್ನ ಕಟ್ಟಿದ್ದು ಹಾಸನ ಮೂಲದ ಎಚ್.ಎಸ್. ತಿರುಮಲಾಚಾರ್ ಮತ್ತು ಅವರ ಸಹೋದರ. ಆಮೇಲೆ ಜಿಲ್ಲೆಯ ಹಳ್ಳಿಗಳಿಂದ ಒಬ್ಬರ ಹಿಂದೆ ಒಬ್ಬರು ಹೋಗಿ ಸೇರಿದರು. ಸೆವೆನ್ ಇಲೆವೆನ್ ತರಹದ ಅಂಗಡಿಗಳು ಇಂಡಿಯಾಕ್ಕೆ ಬರೋಕೆ ಬಹಳ ಮುಂಚೆ, ಆಫೀಸಿಂದ ಮನೆಗೆ ಹೋಗೋ ಜನ ನಿಂತಲ್ಲೇ ಏನೋ ಒಂದು ತಿಂದು ಹೋಗೋ ಜಾಗ ಅಂದ್ರೆ ಬೇಕರಿನೇ.

ಬೇಕರಿ ಗಾಜಿನ ಹಿಂದೆ ಕಣ್ಣು ಮೊದಲು ಹೋಗೋದು ದಿಲ್‌ಪಸಂದ್, ಹನಿ ಕೇಕ್, ಖಾರಾ ಬನ್ ಕಡೆಗೆ. ಪ್ರೋಟೀನ್ ಹುಡುಕೋರು ಪಕ್ಕದ ಡಬ್ಬ ನೋಡಬೇಕು. ಅದರಲ್ಲಿದೆ ಕಾಂಗ್ರೆಸ್ ಕಡ್ಲೆಕಾಯಿ. ಸಿಪ್ಪೆ ತೆಗೆದು, ಎರಡು ಹೋಳು ಮಾಡಿ, ಖಾರ, ಅರಿಶಿನ, ಕರಿಬೇವು ಹಾಕಿ ಹುರಿದ ಬೀಜ. ಹೆಸರಿನ ಹಿಂದೆ ಒಂದು ಕಥೆ ಇದೆ. 1969ರ ಜುಲೈನಲ್ಲಿ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೀತು, ಅದೇ ವರ್ಷ ಪಕ್ಷ ಎರಡು ಹೋಳಾಯ್ತು, ಹಾಗಾಗಿ ಹೋಳಾದ ಕಡ್ಲೆಕಾಯಿಗೆ ಆ ಹೆಸರು ಅಂತಾರೆ. ನಿಜವೋ ಸುಳ್ಳೋ, ಕೇಳೋಕೆ ಚೆನ್ನಾಗಿದೆ. ಪಕ್ಷ ಹೋಳಾಗಿದ್ದು ನಿಜ, ಬೀಜದ ಪ್ರೋಟೀನ್ ಮಾತ್ರ ಹೋಳಾದ್ರೂ ಕಮ್ಮಿ ಆಗಲ್ಲ.

ಇನ್ನು ಹಾಲು. ಹಾಸನ ಹಾಲು ಒಕ್ಕೂಟ ಹಾಸನದ ಜೊತೆ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಹಾಲನ್ನೂ ಸಂಗ್ರಹಿಸುತ್ತೆ. ಬೆಳಗಿನ ಜಾವ ಹಳ್ಳಿಯ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತ ಹೆಂಗಸರಿಂದ ಶುರುವಾಗೋ ಸಾಲು, ಊರಿನ ಪಾರ್ಲರ್‌ಗಳ ಫ್ರಿಜ್‌ನಲ್ಲಿ ಬಂದು ಮುಗಿಯುತ್ತೆ. ಅಲ್ಲಿ ನಿಂತು ಲೇಬಲ್ ಓದೋದು ಒಳ್ಳೆ ಕಾಲಹರಣ. ಹಾಲಿನಲ್ಲಿ ನೂರು ಎಂಎಲ್‌ಗೆ ಮೂರು ಗ್ರಾಂ ಚಿಲ್ಲರೆ ಪ್ರೋಟೀನ್. ಒಂದು ಲೋಟಕ್ಕೆ ಆರು ಗ್ರಾಂ. ಬಾದಾಮಿ ಹಾಲು ತರಹದ ಫ್ಲೇವರ್ಡ್ ಹಾಲಲ್ಲೂ ಹತ್ತಿರ ಹತ್ತಿರ ಅಷ್ಟೇ, ಜೊತೆಗೆ ಸಕ್ಕರೆ ಬರುತ್ತೆ. ಮಸಾಲ ಮಜ್ಜಿಗೆ ಬಿಸಿಲಿಗೆ ಅಮೃತ, ಆದ್ರೆ ನೀರು ಬೆರೆಸಿದಷ್ಟೂ ಪ್ರೋಟೀನ್ ತೆಳು. ಪನೀರ್ ಮಾತ್ರ ಗಟ್ಟಿ ಆಸಾಮಿ, ನೂರು ಗ್ರಾಂಗೆ ಸುಮಾರು 18 ಗ್ರಾಂ. ಇದನ್ನ ಬೇಯಿಸಲೇಬೇಕು ಅಂತಿಲ್ಲ. ಇಬ್ಬರು ಗೆಳೆಯರು ಸೇರಿ ಒಂದು ಪ್ಯಾಕೆಟ್ ತಗೊಂಡು, ಮೇಲೊಂದಿಷ್ಟು ಕಾಳುಮೆಣಸಿನ ಪುಡಿ ಉದುರಿಸಿದ್ರೆ ಆಯ್ತು.

ಪೇಟೆಯ ಹೈ ಪ್ರೋಟೀನ್ ಮಜ್ಜಿಗೆ, ಲಸ್ಸಿಗಳ ಗುಟ್ಟೂ ಇಲ್ಲೇ ಇದೆ. ಹಾಲು ಒಡೆಸಿ ಪನೀರ್ ಮಾಡಿದಾಗ ಹಸಿರು ಛಾಯೆಯ ನೀರು ಉಳಿಯುತ್ತಲ್ಲ, ಅದೇ ವೇ. ಆ ನೀರಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಮ್ಮಿ ಪ್ರೋಟೀನ್ ಇರುತ್ತೆ. ಅದನ್ನ ಸೋಸಿ, ಸಾಂದ್ರ ಮಾಡಿ, ಒಣಗಿಸಿದ್ರೆ ಜಿಮ್ ಡಬ್ಬದ ಪುಡಿ. ಅಮ್ಮಂದಿರು ಆ ನೀರನ್ನ ಚೆಲ್ಲದೆ ಚಪಾತಿ ಹಿಟ್ಟಿಗೆ ಹಾಕ್ತಿದ್ರು, ಹೆಸರು ಗೊತ್ತಿರಲಿಲ್ಲ ಅಷ್ಟೇ. 2024ರ ಡಿಸೆಂಬರ್‌ನಲ್ಲಿ ಕೆಎಂಎಫ್ ಕೂಡ ವೇ ಪ್ರೋಟೀನ್ ಸೇರಿಸಿದ ಇಡ್ಲಿ–ದೋಸೆ ಹಿಟ್ಟನ್ನ ಬೆಂಗಳೂರಲ್ಲಿ ಮಾರುಕಟ್ಟೆಗೆ ಬಿಟ್ಟಿತು.

ಸಂಜೆ ಆಗ್ತಿದ್ದ ಹಾಗೆ ಮೊಟ್ಟೆ ಗಾಡಿಗಳು ಬರ್ತವೆ. ಬೇಯಿಸಿದ ಮೊಟ್ಟೆ ಸೀಳಿ, ಉಪ್ಪು–ಕಾರದಪುಡಿ ಸವರಿ ಪೇಪರ್ ಮೇಲೆ ಇಟ್ಟು ಕೊಡ್ತಾರೆ. ಒಂದು ಮೊಟ್ಟೆಗೆ ಆರು ಗ್ರಾಂ. ಎರಡು ಮೊಟ್ಟೆ, ಒಂದು ಲೋಟ ಹಾಲು, ಅರ್ಧ ಮುಷ್ಟಿ ಕಾಂಗ್ರೆಸ್ ಕಡ್ಲೆಕಾಯಿ. ಅಲ್ಲಿಗೆ ಇಪ್ಪತ್ತು ದಾಟ್ತು, ನೂರರ ನೋಟಲ್ಲಿ ಇನ್ನೂ ಉಳೀತು.

ಲೇಬಲ್ ಓದೋ ಒಂದು ಲೆಕ್ಕ

ಅರಕಲಗೂಡು ಬಸ್ ಹತ್ತೋ ಮುಂಚೆ ಒಂದು ವಿಷಯ ಹೇಳಿಬಿಡ್ತೀನಿ, ಇದು ಎಲ್ಲಾ ಊರಿಗೂ ಬೇಕಾಗುತ್ತೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಲ್ಲಿ, ಘನ ಆಹಾರದ ಮೇಲೆ ಹೈ ಪ್ರೋಟೀನ್ ಅಂತ ಬರೀಬೇಕಾದ್ರೆ ನೂರು ಗ್ರಾಂನಲ್ಲಿ ದಿನದ ಅಗತ್ಯದ ಶೇ 20ರಷ್ಟು ಇರಬೇಕು. 54 ಗ್ರಾಂನ ಶೇ 20 ಅಂದ್ರೆ ಸುಮಾರು 11 ಗ್ರಾಂ.

ಇಲ್ಲಿ ಗಮನಿಸಬೇಕಾದ್ದು ನೂರು ಗ್ರಾಂ ಅನ್ನೋ ಮಾತನ್ನ. ನೀವು ತಿನ್ನೋದು 30 ಗ್ರಾಂನ ಪ್ಯಾಕೆಟ್. ನೂರಕ್ಕೆ 12 ಗ್ರಾಂ ಇರೋ ತಿಂಡಿಯಾದ್ರೆ ನಿಮ್ಮ ಹೊಟ್ಟೆಗೆ ಹೋಗೋದು 3.6 ಗ್ರಾಂ. ಒಂದು ಮೊಟ್ಟೆಗಿಂತ ಕಮ್ಮಿ! ಮುಂದೆ ದಪ್ಪಕ್ಷರದಲ್ಲಿ ಬರೆದಿದ್ದನ್ನ ಬಿಟ್ಟು, ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಒಂದು ಪ್ಯಾಕೆಟ್‌ಗೆ ಎಷ್ಟು ಗ್ರಾಂ, ಸಕ್ಕರೆ ಎಷ್ಟು, ಸೋಡಿಯಂ ಎಷ್ಟು. ಇಷ್ಟು ಸಾಕು.

ಅದೇ ಅಳತೆಗೋಲಲ್ಲಿ ನೋಡಿದ್ರೆ ಶೆಟ್ಟರ ಅಂಗಡಿ ಗೋಣಿಚೀಲದಲ್ಲಿರೋ ಹುರಿಗಡಲೆ, ಕಡ್ಲೆಬೀಜ, ಹುರಿದ ಅವರೆಕಾಳು ಎಲ್ಲವೂ ಹೈ ಪ್ರೋಟೀನೇ. ಚೀಲಕ್ಕೆ ಲೇಬಲ್ ಹಚ್ಚೋರಿಲ್ಲ, ಅಷ್ಟೇ ವ್ಯತ್ಯಾಸ.

ಅರಕಲಗೂಡು: ಬಾರ್ ಆ ಕಡೆ ಐತೆ

ಹಾಸನದಿಂದ ಗೊರೂರು ಮೇಲೆ ಹೋದ್ರೆ ಹೇಮಾವತಿ ಜಲಾಶಯ ನೋಡಿಕೊಂಡು ಹೋಗಬಹುದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು ಅದು. ಮುಂದೆ ಅರಕಲಗೂಡು. ಅ.ನ.ಕೃ. ಹೆಸರಿನ ಮೊದಲ ‘ಅ’ ಇದೇ ಊರು. ದಾರಿಯುದ್ದಕ್ಕೂ ಆಲೂಗಡ್ಡೆ, ಶುಂಠಿ, ರಾಗಿ, ಹೊಗೆಸೊಪ್ಪಿನ ಹೊಲ. ಆಲೂಗಡ್ಡೆ ನಮ್ಮ ಜಿಲ್ಲೆಯ ಹೆಮ್ಮೆ, ಬೋಂಡಾಕ್ಕೆ ಅದಿಲ್ಲದೆ ಆಗಲ್ಲ. ಪ್ರೋಟೀನ್ ವಿಷಯಕ್ಕೆ ಬಂದ್ರೆ ನೂರಕ್ಕೆ ಎರಡು ಗ್ರಾಂ ಅಷ್ಟೇ.

ಪೇಟೆಬೀದಿಯ ಒಂದು ಪ್ರಾವಿಷನ್ ಸ್ಟೋರ್‌ನಲ್ಲಿ ಸುಮ್ಮನೆ ಕೇಳಿದೆ.

"ಅಣ್ಣ, ಪ್ರೋಟೀನ್ ಬಾರ್ ಇದೆಯಾ?"

"ಬಾರಾ? ಬಾರು ಆ ಕಡೆ ಐತೆ ನೋಡಿ ಸಾರ್, ಸರ್ಕಲ್ ದಾಟಿ ಬಲಗಡೆ. ಇನ್ನೂ ಬಾಗಿಲು ತೆಗ್ದಿರಲ್ಲ ಅನ್ಸುತ್ತೆ."

ನಕ್ಕು, ತಿನ್ನೋ ಬಾರ್ ಅಂತ ಬಿಡಿಸಿ ಹೇಳಿದ ಮೇಲೆ ಅವರೂ ನಕ್ಕರು. "ಅದೆಲ್ಲ ಹಾಸನದಾಗೆ ಸಾರ್. ಇಲ್ಲಿ ಹುಡುಗರು ಬೆಳಗ್ಗೆ ಗ್ರೌಂಡಿಗೆ ಓಡಕ್ಕೆ ಹೋಯ್ತಾರಲ್ಲ, ಪೊಲೀಸ್ ಸೆಲೆಕ್ಷನ್ನು, ಮಿಲಿಟ್ರಿ ಅಂತ, ಅವ್ರೆಲ್ಲ ಇದ್ನೇ ತಗೊಂಡೋಗದು" ಅಂತ ಹುರಿಗಡಲೆ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಎತ್ತಿ ತೋರಿಸಿದರು.

ಇಡೀ ಸುತ್ತಲ್ಲಿ ಗೆದ್ದಿದ್ದು ಇದೇ. ನೂರು ಗ್ರಾಂ ಹುರಿಗಡಲೆಯಲ್ಲಿ ಇಪ್ಪತ್ತು ಗ್ರಾಂ ದಾಟಿದ ಪ್ರೋಟೀನ್, ಕಡ್ಲೆಬೀಜಕ್ಕೆ ಹೋಲಿಸಿದ್ರೆ ಕೊಬ್ಬು ತೀರಾ ಕಮ್ಮಿ, ಎಣ್ಣೆ ಇಲ್ಲ, ನಾರು ಬೇಕಾದಷ್ಟು. ಬೆಲೆ ನೋಡಿದ್ರೆ ಒಂದು ಟೀ, ಒಂದು ಬನ್ನಿನ ದುಡ್ಡು. ಬ್ಯಾಗಲ್ಲಿ ವಾರ ಇಟ್ರೂ ಕೆಡಲ್ಲ. ಗಂಟಲು ಒಣಗುತ್ತೆ ಅನ್ನೋದೊಂದೇ ದೂರು, ಅದಕ್ಕೆ ಮಜ್ಜಿಗೆ ಇದೆ. ಕಡ್ಲೆಪುರಿ ಜೊತೆ ಬೆರೆಸಿ ತಿನ್ನೋದಾದ್ರೆ ಪುರಿ ಎರಡು ಪಾಲು, ಕಡ್ಲೆ ಒಂದು ಪಾಲು ಅನ್ನೋ ಲೆಕ್ಕವನ್ನ ತಿರುಗಿಸಿ. ಪುರಿಯಲ್ಲಿರೋದು ಹೆಚ್ಚಾಗಿ ಗಾಳಿ ಮತ್ತು ಪಿಷ್ಟ.

ಡಿಸೆಂಬರಿಂದ ಫೆಬ್ರವರಿವರೆಗೆ ಹೋದ್ರೆ ಅವರೆ ಕಾಲ. ಊರೆಲ್ಲ ಸೊಗಡಿನ ವಾಸನೆ. ಎಣ್ಣೆಯಲ್ಲಿ ಕರಿದು ಖಾರ ಹಾಕಿದ ಹಿತಕಿದ ಅವರೆಬೇಳೆ ಬೇಕರಿಗಳಲ್ಲಿ ಡಬ್ಬ ತುಂಬಾ ಇರುತ್ತೆ. ಪ್ರೋಟೀನೂ ಇದೆ, ಎಣ್ಣೆಯೂ ಇದೆ. ಒಂದು ಹಿಡಿಗೆ ನಿಲ್ಲಿಸೋ ಶಕ್ತಿ ದೇವರು ಕೊಡಬೇಕು.

ಹೊಳೆನರಸೀಪುರ: ಹಾಸ್ಟೆಲ್ ಹುಡುಗರ ಲೆಕ್ಕ

ಹೇಮಾವತಿ ಹೊಳೆ, ಲಕ್ಷ್ಮೀನರಸಿಂಹ ದೇವಸ್ಥಾನ, ದೇವೇಗೌಡರ ರಾಜಕೀಯ. ಹೊಳೆನರಸೀಪುರ ಅಂದ ತಕ್ಷಣ ಬರೋ ಮೂರು ವಿಷಯ. ನಾಲ್ಕನೇದು ಕಾಲೇಜು. ತಾಲ್ಲೂಕು ಕೇಂದ್ರವಾದ್ರೂ ಇಲ್ಲಿ ಓದೋಕೆ ಬರೋ ಮಕ್ಕಳು ಬಹಳ. ಸಂಜೆ ನಾಲ್ಕಾದ್ರೆ ಬೇಕರಿ ಮುಂದೆ ಬ್ಯಾಗ್ ಹಾಕ್ಕೊಂಡಿರೋ ಹುಡುಗ ಹುಡುಗೀರು.

ಅವರ ಕೈಯಲ್ಲಿ ಹೆಚ್ಚು ಕಂಡಿದ್ದು ಎಗ್ ಪಫ್. ಮೊಟ್ಟೆ ಇದೆಯಲ್ಲ, ಪ್ರೋಟೀನ್ ಆಯ್ತು ಅನ್ನೋ ಸಮಾಧಾನ. ಬಿಡಿಸಿ ನೋಡಿದ್ರೆ ಅರ್ಧ ಮೊಟ್ಟೆ, ಸುತ್ತ ಮೈದಾ ಮತ್ತು ವನಸ್ಪತಿಯ ಪದರ. ಅರ್ಧ ಮೊಟ್ಟೆ ಅಂದ್ರೆ ಮೂರು ಗ್ರಾಂ. ಅದೇ ದುಡ್ಡಿಗೆ ಗಾಡಿಯಲ್ಲಿ ಇಡೀ ಮೊಟ್ಟೆ ಬರುತ್ತೆ. ಮೊಟ್ಟೆ ತಿನ್ನದವರಿಗೆ ಪಕ್ಕದಲ್ಲೇ ಕಡ್ಲೆ ಮಿಠಾಯಿ ಇದೆ. ಬೆಲ್ಲ ಅರ್ಧ, ಬೀಜ ಅರ್ಧ ಇದ್ರೆ ಪ್ರೋಟೀನೂ ಬರೀ ಬೀಜದ ಅರ್ಧ. ಓಡಿ ಆಡಿ ಬಂದವರಿಗೆ ಚೆನ್ನ, ದಿನವಿಡೀ ಕೂತು ಓದೋರಿಗೆ ಒಂದು ತುಂಡು ಸಾಕು.

ಇಲ್ಲಿಂದ ರೈಲು ಹಿಡಿದ್ರೆ ಮೈಸೂರು. ಅಲ್ಲಿ 1950ರಿಂದ ಕೆಲಸ ಮಾಡ್ತಿರೋ ಸಿಎಫ್‌ಟಿಆರ್‌ಐ ಸಂಸ್ಥೆಯ ಶುರುವಾತಿನ ಸಾಧನೆಗಳಲ್ಲಿ ಒಂದು, ಬಡ ಮಕ್ಕಳ ಪ್ರೋಟೀನ್ ಕೊರತೆ ನೀಗಿಸೋಕೆ ಮಾಡಿದ ‘ಮಲ್ಟಿಪರ್ಪಸ್ ಫುಡ್’ ಅನ್ನೋ ಪುಡಿ. ಅದರಲ್ಲಿ ಇದ್ದದ್ದು ಮೂರು ಪಾಲು ಎಣ್ಣೆ ತೆಗೆದ ಕಡ್ಲೆಕಾಯಿ ಹಿಟ್ಟು, ಒಂದು ಪಾಲು ಕಡಲೆ ಹಿಟ್ಟು, ಮೇಲಷ್ಟು ವಿಟಮಿನ್, ಕ್ಯಾಲ್ಸಿಯಂ. ಅಂದ್ರೆ ನಮ್ಮೂರ ಅಂಗಡಿಯ ಎರಡು ಚೀಲ. ದೇಶದ ದೊಡ್ಡ ಪ್ರಯೋಗಾಲಯದ ವಿಜ್ಞಾನಿಗಳು ಎಲ್ಲ ಅಳೆದು ತೂಗಿ ಬಂದು ನಿಂತಿದ್ದೂ ಇಲ್ಲಿಗೇ.

ಇನ್ನೊಂದು ಜಾಣತನ ನಮ್ಮ ಊಟದಲ್ಲೇ ಇದೆ. ಅಕ್ಕಿ, ರಾಗಿಯಂಥ ಧಾನ್ಯಗಳಲ್ಲಿ ಲೈಸಿನ್ ಅನ್ನೋ ಅಂಶ ಕಮ್ಮಿ. ಕಾಳುಗಳಲ್ಲಿ ಅದು ಧಾರಾಳ, ಆದ್ರೆ ಮೆಥಿಯೊನಿನ್ ಕಮ್ಮಿ, ಅದು ಧಾನ್ಯದಲ್ಲಿದೆ. ಎರಡೂ ಸೇರಿದ್ರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ರಾಗಿಮುದ್ದೆಗೆ ಹುರುಳಿ ಬಸ್ಸಾರು ಜೋಡಿ ಮಾಡಿದ ಅಜ್ಜಿಗೆ ಅಮೈನೋ ಆಮ್ಲದ ಹೆಸರು ಬೇಕಾಗಿರಲಿಲ್ಲ.

ಇದು ಬರೀ ಜಿಮ್ ವಿಷಯ ಅಲ್ಲ

2025ರ ಮೇ–ಜೂನ್ ತಿಂಗಳು ಹಾಸನದವರು ಯಾರೂ ಮರೆಯಲ್ಲ. ನಲವತ್ತು ದಿನದ ಆಸುಪಾಸಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಅನ್ನೋ ಸುದ್ದಿ. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು, ಆಟೋ, ಕ್ಯಾಬ್ ಓಡಿಸೋರೂ ಇದ್ದರು. ಹೆದರಿದ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಿಂದಿನ ವರ್ಷಗಳಿಗೆ ಹೋಲಿಸಿದ್ರೆ ಅಸಹಜ ಏರಿಕೆ ಇಲ್ಲ ಅಂತ ವರದಿ ಬಂತು. ಭಯ ಸ್ವಲ್ಪ ಇಳೀತು. ಆದ್ರೆ ಬೆಂಗಳೂರಲ್ಲಿ ಕೂತು ಊರಿಗೆ ಫೋನ್ ಮಾಡೋ ನಮ್ಮಂಥ ಮಕ್ಕಳ ಎದೆಯಲ್ಲಿ ಒಂದು ಪ್ರಶ್ನೆ ಉಳೀತು. ಅಪ್ಪ ಏನು ತಿಂತಾರೆ? ಕ್ಯಾಬ್ ಓಡಿಸೋ ಅಣ್ಣ ರಾತ್ರಿ ಹೊತ್ತು ಏನು ತಿಂತಾನೆ?

ಪ್ರೋಟೀನ್ ತಿಂದ್ರೆ ಹಾರ್ಟ್ ಅಟ್ಯಾಕ್ ಆಗಲ್ಲ ಅಂತ ನಾನು ಹೇಳ್ತಿಲ್ಲ, ಯಾರಾದ್ರೂ ಹೇಳಿದ್ರೂ ನಂಬಬೇಡಿ. ಬೀಡಿ–ಸಿಗರೇಟು, ಬಿಪಿ, ಶುಗರ್, ನಿದ್ದೆ ಇಲ್ಲದ ದುಡಿಮೆ ಇವೆಲ್ಲ ಬೇರೆ ದೊಡ್ಡ ಲೆಕ್ಕ. ಆದ್ರೆ ಹಗಲು ರಾತ್ರಿ ರಸ್ತೆ ಮೇಲಿರೋ ಮನುಷ್ಯನ ಹಸಿವಿಗೆ ಟೀ, ಬನ್ನು, ಬೋಂಡಾ ಬಿಟ್ಟು ಬೇರೆ ಏನಾದ್ರೂ ಅದೇ ಅಂಗಡಿಯಲ್ಲಿ, ಅದೇ ದುಡ್ಡಿಗೆ ಸಿಗುತ್ತಾ ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಸಿಗುತ್ತೆ. ಕಣ್ಣೆದುರೇ ಇದೆ.

ಉಪ್ಪಿನ ಮೇಲೆ ಮಾತ್ರ ಒಂದು ಕಣ್ಣಿರಲಿ. ದಿನಕ್ಕೆ ಐದು ಗ್ರಾಂ ಒಳಗೆ ಉಪ್ಪು ಸಾಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಖಾರದ ಕಡ್ಲೆಬೀಜ, ನಿಪ್ಪಟ್ಟು, ಮಸಾಲ ಮಜ್ಜಿಗೆ ಮೂರೂ ಒಂದೇ ಸಂಜೆ ಆದ್ರೆ ಉಪ್ಪು ಸದ್ದಿಲ್ಲದೆ ಏರುತ್ತೆ. ಬಿಪಿ ಇರೋ ಅಪ್ಪನಿಗೆ ಉಪ್ಪಿಲ್ಲದ ಹುರಿಗಡಲೆ, ಬೇಯಿಸಿದ ಮೊಟ್ಟೆ ವಾಸಿ. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಹೆಚ್ಚಿಸೋ ಮುಂಚೆ ಡಾಕ್ಟರನ್ನ ಕೇಳಲೇಬೇಕು.

ಫೋನಲ್ಲಿ ಉಳಿಸಿಕೊಳ್ಳೋಕೆ

- ಹುರಿಗಡಲೆ, ಒಂದು ಮುಷ್ಟಿ (30 ಗ್ರಾಂ): ಸುಮಾರು 6 ಗ್ರಾಂ
- ಕಡ್ಲೆಬೀಜ, ಒಂದು ಮುಷ್ಟಿ (30 ಗ್ರಾಂ): ಸುಮಾರು 7 ಗ್ರಾಂ
- ಬೇಯಿಸಿದ ಮೊಟ್ಟೆ, ಒಂದು: ಸುಮಾರು 6 ಗ್ರಾಂ
- ಹಾಲು, ಒಂದು ಲೋಟ (200 ಎಂಎಲ್): ಸುಮಾರು 6 ಗ್ರಾಂ
- ಪನೀರ್, 100 ಗ್ರಾಂ: ಸುಮಾರು 18 ಗ್ರಾಂ
- ಎಳನೀರು: ಲೆಕ್ಕಕ್ಕಿಲ್ಲ, ಕುಡಿದ ಸುಖ ಬೇರೆ

ಇವುಗಳಲ್ಲಿ ಯಾವುದಾದ್ರೂ ಮೂರನ್ನ ಸೇರಿಸಿದ್ರೆ ಇಪ್ಪತ್ತರ ಹತ್ತಿರ ಬರ್ತೀರಿ. ಎಳನೀರು ಬಿಟ್ಟು! ನಾಲ್ಕೂ ಊರಲ್ಲಿ ನೂರರ ನೋಟು ಒಮ್ಮೆಯೂ ಪೂರ್ತಿ ಖರ್ಚಾಗಲಿಲ್ಲ. ಉಳಿದ ಚಿಲ್ಲರೆಯಲ್ಲಿ ಮನೆಗೆ ಅಂತ ಅರ್ಧ ಕಿಲೋ ಹುರಿಗಡಲೆ ಕಟ್ಟಿಸಿಕೊಂಡೆ.

ಬಾರ್ ತಿನ್ನೋರು ತಿನ್ನಲಿ, ತಪ್ಪೇನಿಲ್ಲ. ಫ್ಲೈಟ್ ಹಿಡಿಯೋ ಗಡಿಬಿಡಿಯಲ್ಲಿ, ಮೀಟಿಂಗ್ ನಡುವೆ ಅದು ಉಪಯೋಗಕ್ಕೆ ಬರುತ್ತೆ. ಊರಿನ ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕಿದ್ದಾಗ ಮಾತ್ರ, ಪೊಟ್ಟಣ ಬಿಚ್ಚಿ ಪಕ್ಕದವರಿಗೂ ಒಂದು ಹಿಡಿ ಚಾಚಿ. ಬಾರನ್ನ ಯಾರೂ ಹಾಗೆ ಹಂಚಿಕೊಳ್ಳಲ್ಲ.

ನಿಮ್ಮೂರಿನ ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ನೂರು ರೂಪಾಯಿಗೆ ಏನೇನು ಸಿಗುತ್ತೆ? ಅಲ್ಲಿಯ ಅಂಗಡಿಯವರು ಅದನ್ನ ಏನಂತ ಕರೀತಾರೆ? ಬರೆದು ತಿಳಿಸಿ.